ರೈಲಿನ ತವರು ನೋಡಿ ಬಂದೆ

ಸಂಘದ ಹಿರಿಯರೇ, ಅಕ್ಕಂದಿರೇ, ತಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಇವತ್ತು ಮೆಗಾ ಬ್ಲಾಕ್, ಹಳಿ ರಿಪೇರಿಗೆಂದು ಗಾಡಿಗಳು ಕಡಿಮೆ. ಆದರೂ ಠಾಣೆಯಿಂದ, ಮುಲುಂಡಿನಿಂದ ಡೊಂಬಿವಲಿಯವರೆಗೆ ಬಂದು ಕೂತಿದ್ದೀರಿ. ರೈಲಿನ ಬಗ್ಗೆ ಮಾತು ಕೇಳಲು ರೈಲಿನಲ್ಲಿ ನಿಂತುಕೊಂಡು ಬಂದವರು ನೀವು. ನಿಮ್ಮ ಮುಂದೆ ಮಾತಾಡಲು ನನಗೆ ತುಂಬಾ ಸಂತೋಷ.

ನಾನು 31 ವರ್ಷ ಡೊಂಬಿವಲಿಯಿಂದ ವಿ.ಟಿ.ಗೆ, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, ಹೋಗಿ ಬಂದವಳು. ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ. ದಿನಕ್ಕೆ ಎರಡೂವರೆ ಮೂರು ಗಂಟೆ ಲೇಡೀಸ್ ಡಬ್ಬಿಯಲ್ಲೇ ಕಳೆದಿದ್ದೇನೆ. ಅಲ್ಲೇ ಹೂ ಕಟ್ಟಿದ್ದೇನೆ, ಬಟಾಣಿ ಸುಲಿದಿದ್ದೇನೆ, ಮಗನ ಪರೀಕ್ಷೆಯ ಫಲಿತಾಂಶ ಕೇಳಿ ಅತ್ತಿದ್ದೇನೆ. ಆದರೆ ಈ ಗಾಡಿ ಎಲ್ಲಿಂದ ಬಂತು, ಯಾರು ಮೊದಲು ಓಡಿಸಿದರು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಿವೃತ್ತಿಯಾದ ಮೇಲೆ ಮಗನ ಮನೆಗೆ ಮ್ಯೂನಿಕ್‌ಗೆ ಹೋದಾಗ ಆ ಯೋಚನೆ ಬಂತು.

ಇಲ್ಲಿ ಅರ್ಧ ಜನರ ಮಕ್ಕಳು ಹೊರದೇಶದಲ್ಲಿದ್ದಾರೆ, ಅಲ್ವಾ? ಹಾಗಾಗಿ ನಿಮಗೆ ಗೊತ್ತು. ಶನಿವಾರ, ಭಾನುವಾರ ಮಕ್ಕಳು ಅರಮನೆ, ಸರೋವರ, ಮಾಲ್ ಅಂತ ಸುತ್ತಿಸುತ್ತಾರೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೊರಡುತ್ತಾರೆ. ಆಮೇಲೆ ಮನೆಯಲ್ಲಿ ನಾವು, ಗೋಡೆ, ಗಡಿಯಾರ. ಆ ಐದು ದಿನಗಳು ನಿಮ್ಮವು ಅಂತ ತಿಳಿದುಕೊಳ್ಳಿ. ಪಾಸ್ ಮಾಡಿಸಿಕೊಂಡು ಹೊರಗೆ ಬನ್ನಿ. ಮುಂಬಯಿ ಲೋಕಲ್ ಹತ್ತಿ ಇಳಿದವರಿಗೆ ಜಗತ್ತಿನ ಯಾವ ರೈಲೂ ಕಷ್ಟವಲ್ಲ.

ನಾನು ಮೊದಲು ಹೋದದ್ದು ಡಾಯ್ಚಸ್ ಮ್ಯೂಸಿಯಂಗೆ. 1903ರಲ್ಲಿ ಓಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರ್ ಶುರು ಮಾಡಿದ್ದು. ಮುಖ್ಯ ಕಟ್ಟಡ ಇಸಾರ್ ನದಿಯ ನಡುವಿನ ನಡುಗಡ್ಡೆಯಲ್ಲಿದೆ. ಗಾಡಿಗಳಿಗೆ ಮಾತ್ರ ಊರಿನ ಇನ್ನೊಂದು ಕಡೆ ಬೇರೆ ಕಟ್ಟಡ. ಅಲ್ಲಿ ನೋಡಿದ ಒಂದು ಸಣ್ಣ ವಸ್ತುವಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದೊಡ್ಡ ದೊಡ್ಡ ಎಂಜಿನ್‌ಗಳ ನಡುವೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ನಮ್ಮ ಅಜ್ಜಿಯ ಕಾಲದ ಟ್ರಂಕಿಗೆ ಚಕ್ರ ಹಾಕಿದ ಹಾಗಿದೆ. ಓಡಿಸುವವನು ಒಳಗೆ ಕೂರುವುದಿಲ್ಲ, ಅದರ ಮೇಲೆಯೇ ಕೂರುತ್ತಿದ್ದ. 1879ರಲ್ಲಿ ವೆರ್ನರ್ ಸೀಮೆನ್ಸ್ ಬರ್ಲಿನ್‌ನ ವಸ್ತುಪ್ರದರ್ಶನಕ್ಕೆಂದು ಮಾಡಿದ ವಿದ್ಯುತ್ ಎಂಜಿನ್ ಅದು. ಸುಮಾರು 300 ಮೀಟರ್‌ನ ಒಂದು ಸುತ್ತು ಹಳಿ, ಹಿಂದೆ ಮೂರು ಪುಟ್ಟ ಗಾಡಿ, ಅದರಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಬೆಂಚು. ಕರೆಂಟು ಮೇಲಿನ ತಂತಿಯಿಂದ ಅಲ್ಲ, ಎರಡು ಹಳಿಗಳ ನಡುವೆ ಹಾಕಿದ ಇನ್ನೊಂದು ಪಟ್ಟಿಯಿಂದ. ನಾಲ್ಕು ತಿಂಗಳಲ್ಲಿ 86,000 ಜನ ಅದರಲ್ಲಿ ಕೂತು ಸುತ್ತು ಹೊಡೆದರು. ಜಾತ್ರೆಯ ತೊಟ್ಟಿಲಿನಲ್ಲಿ ಕೂತ ಹಾಗೆ.

46 ವರ್ಷ ಕಳೆದು, 1925ರ ಫೆಬ್ರವರಿ 3ರಂದು, ವಿ.ಟಿ.ಯಿಂದ ಕುರ್ಲಾಕ್ಕೆ ಹಾರ್ಬರ್ ಲೈನಿನಲ್ಲಿ ಭಾರತದ ಮೊದಲ ವಿದ್ಯುತ್ ರೈಲು ಓಡಿತು. ಆ ಟ್ರಂಕಿನ ಮುಂದೆ ನಿಂತು ನಾನು ಲೆಕ್ಕ ಹಾಕಿದ್ದು ಅದನ್ನೇ. ಇದು ನಮ್ಮ ಲೋಕಲ್‌ನ ತವರು! ಇಲ್ಲಿಂದ ಹೊರಟ ಹೆಣ್ಣುಮಗಳು ನಮ್ಮ ಊರಿಗೆ ಬಂದು, ಲಕ್ಷ ಲಕ್ಷ ಜನರ ಸಂಸಾರ ಹೊತ್ತಿದ್ದಾಳೆ. ನನ್ನನ್ನೂ 31 ವರ್ಷ ಹೊತ್ತಿದ್ದಾಳೆ. ನನಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಶಾಲೆಯ ಮಕ್ಕಳು ಈ ಅಜ್ಜಿ ಪೆಟ್ಟಿಗೆ ನೋಡಿ ಯಾಕೆ ಅಳುತ್ತಾಳೆ ಅಂತ ನೋಡುತ್ತಿದ್ದರು.

ಆ ದಿನದಿಂದ ನಾನು ಮ್ಯೂಸಿಯಂ ನೋಡುವ ರೀತಿ ಬದಲಾಯಿತು. ನಿಮಗೂ ಹೇಳುವುದು ಇಷ್ಟೇ. ಅವರ ಹೆಚ್ಚುಗಾರಿಕೆ ನೋಡಲು ಹೋಗಬೇಡಿ. ನೀವು ದಿನಾ ಮುಟ್ಟುವ ವಸ್ತುವಿನ ತವರು ಹುಡುಕಿಕೊಂಡು ಹೋಗಿ.

ಇನ್ನೊಂದು ತವರು ಸಿಕ್ಕಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಲೂಸರ್ನ್ ಊರಿನ ಸರೋವರದ ದಂಡೆಯಲ್ಲಿ 1959ರಲ್ಲಿ ತೆರೆದ ಸಾರಿಗೆ ಮ್ಯೂಸಿಯಂ ಇದೆ. ಪ್ಯಾಕೇಜ್ ಟೂರಿನವರು ಲೂಸರ್ನ್‌ನಲ್ಲಿ ಮರದ ಸೇತುವೆ ತೋರಿಸಿ, ಚಾಕಲೇಟ್ ಕೊಡಿಸಿ, ಬಸ್ ಹತ್ತಿಸುತ್ತಾರೆ. ಒಂದು ಅರ್ಧ ದಿನ ಉಳಿಸಿಕೊಳ್ಳಿ. ಅಲ್ಲಿ ಒಂದು ‘ಮೊಸಳೆ’ ಇದೆ. ಸ್ವಿಸ್ ಜನ ಆ ಎಂಜಿನ್‌ಗೆ ಇಟ್ಟ ಹೆಸರೇ ಅದು. ಹಿಂದೆ ಮುಂದೆ ಎರಡು ಉದ್ದ ಮೂತಿ, ನಡುವೆ ಡ್ರೈವರ್ ಕೋಣೆ. ಮೂರು ತುಂಡು ಜೋಡಿಸಿದ ಹಾಗೆ ಇರುವುದರಿಂದ ಘಾಟಿಯ ತಿರುವಿನಲ್ಲಿ ಮೈ ಬಳುಕಿಸಿ ಹೋಗುತ್ತದೆ. ವಿದ್ಯುತ್ ಎಂಜಿನ್ ಆದರೂ ಚಕ್ರಗಳಿಗೆ ಉಗಿಬಂಡಿಯ ಹಾಗೆ ಕಬ್ಬಿಣದ ತೋಳುಗಳು. ಗಾಟ್‌ಹಾರ್ಡ್ ಬೆಟ್ಟದ ಹಾದಿಗೆಂದು ಮಾಡಿದ್ದು.

ನೋಡಿದ ಕೂಡಲೇ ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಹೌದು, ವಿ.ಟಿ.ಯಲ್ಲೇ! ನಿಮ್ಮಲ್ಲಿ ಹಳಬರಿಗೆ ನೆನಪಿರಬೇಕು. ಯಾರ್ಡಿನಲ್ಲಿ ಡಬ್ಬಿ ಎಳೆಯುತ್ತಾ ನರಳುವ ಹಾಗೆ ಸದ್ದು ಮಾಡುತ್ತಿದ್ದ ಒಂದು ಮುದಿ ಎಂಜಿನ್. ರೈಲ್ವೆಯವರು ಅದನ್ನು ‘ಖೇಕಡಾ’, ಅಂದರೆ ಏಡಿ ಅಂತ ಕರೆಯುತ್ತಿದ್ದರು. ಅಲ್ಲಿ ಮೊಸಳೆ, ಇಲ್ಲಿ ಏಡಿ. ನಮ್ಮ ಕರಾವಳಿಯವರು ಕೇಳಿದರೆ ಏಡಿಯೇ ವಾಸಿ ಅನ್ನುತ್ತಾರೆ! 1928ರಿಂದ ಬಂದ ಆ 41 ಎಂಜಿನ್‌ಗಳಲ್ಲಿ ಮೊದಲ 10 ತಯಾರಾದದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ, ಮೊಸಳೆ ಹುಟ್ಟಿದ ಕಾರ್ಖಾನೆಯಲ್ಲೇ. ಉಳಿದವು ಇಂಗ್ಲೆಂಡಿನ ವಲ್ಕನ್ ಫೌಂಡ್ರಿಯಲ್ಲಿ.

ಯಾಕೆ ತರಿಸಿದರು? ಭೋರ್ ಘಾಟಿಗೆ. ಕರ್ಜತ್‌ನಿಂದ ಲೋನಾವಳಕ್ಕೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಹತ್ತಬೇಕು. ಗಾಟ್‌ಹಾರ್ಡ್ ಹಾದಿಯ ಏರೂ ಹೆಚ್ಚುಕಡಿಮೆ ಅಷ್ಟೇ. ಬೆಟ್ಟ ಎರಡೂ ಕಡೆ ಒಂದೇ ಲೆಕ್ಕ ಕೇಳಿದೆ, ಎಂಜಿನ್‌ಗಳೂ ಅಕ್ಕತಂಗಿಯರ ಹಾಗೆ ಹುಟ್ಟಿವೆ. ಪುಣೆಗೆ ಹೋಗುವಾಗ ಕರ್ಜತ್‌ನಲ್ಲಿ ಗಾಡಿ ನಿಂತರೆ ನಾವು ವಡಾಪಾವ್‌ಗೆ ಓಡುತ್ತೇವೆ. ಗಾಡಿ ನಿಲ್ಲುವುದು ವಡಾಪಾವ್‌ಗೆ ಅಲ್ಲ, ಹಿಂದಿನಿಂದ ದೂಡುವ ಬ್ಯಾಂಕರ್ ಎಂಜಿನ್ ಜೋಡಿಸಲು. ಇದನ್ನು ನನ್ನ ತಲೆಗೆ ಹತ್ತಿಸಿದ್ದು ಲೂಸರ್ನ್‌ನ ಮೊಸಳೆ.

ಅಲ್ಲಿ ಗಾಟ್‌ಹಾರ್ಡ್ ಸುರಂಗ ಕೊರೆದ ಕಥೆಯನ್ನೂ ತೋರಿಸುತ್ತಾರೆ. 15 ಕಿಲೋಮೀಟರ್ ಸುರಂಗ, 1882ರಲ್ಲಿ ತೆರೆಯಿತು. ಗುತ್ತಿಗೆದಾರ ಲೂಯಿ ಫಾವ್ರ್ ಕೆಲಸ ಮುಗಿಯುವ ಮುಂಚೆ, 1879ರಲ್ಲಿ, ಆ ಸುರಂಗದೊಳಗೇ ಸತ್ತ. ನಮ್ಮ ಭೋರ್ ಘಾಟಿನ ಗುತ್ತಿಗೆದಾರ ಸಾಲಮನ್ ಟ್ರೆಡ್‌ವೆಲ್ ಕೂಡ 1859ರಲ್ಲಿ ಭಾರತಕ್ಕೆ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಊರಿಗೆ ಹಿಂದಿರುಗದೆ ಗುತ್ತಿಗೆ ತಾನೇ ವಹಿಸಿಕೊಂಡು ಕೆಲಸ ಮುಗಿಸಿದಳು. ಕಾಲರಾದಿಂದ, ಬಂಡೆ ಸಿಡಿದು, ನಮ್ಮ ಕೂಲಿ ಜನ ಸಾವಿರಾರು ಮಂದಿ ಅಲ್ಲಿ ಸತ್ತರು. ಆ ಹಾದಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಅವರ ಒಂದೇ ಒಂದು ಹೆಸರೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇದು ನನಗೆ ನೋವಿನ ಸಂಗತಿ.

ಇಂಗ್ಲೆಂಡಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಯಾರ್ಕ್ ಊರಿನ ರೈಲ್ವೆ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಅಲ್ಲಿ ಒಂದು ಉಗಿಬಂಡಿಯನ್ನು ಹಲಸಿನ ಹಣ್ಣು ಸೀಳಿದ ಹಾಗೆ ಉದ್ದಕ್ಕೆ ಸೀಳಿ ಇಟ್ಟಿದ್ದಾರೆ. ಬೆಂಕಿ ಎಲ್ಲಿ, ನೀರು ಎಲ್ಲಿ, ಹೊಗೆ ಯಾವ ಕೊಳವೆಯಲ್ಲಿ ಹೋಗುತ್ತದೆ, ಎಲ್ಲಾ ಕಾಣುತ್ತದೆ. ಬಂಬು ಒಲೆಯಲ್ಲಿ ನೀರು ಕಾಯಿಸಿದ ನಮಗೆ ಬೇರೆ ಪಾಠ ಬೇಡ. ಜಪಾನಿನವರು ಕೊಟ್ಟ ಹಳೆಯ ಬುಲೆಟ್ ರೈಲಿನ ಮುಂಭಾಗವೂ ಅಲ್ಲಿದೆ, ಒಳಗೆ ಹೋಗಿ ಕೂರಬಹುದು. ಲಂಡನ್ನಿನಲ್ಲಿ ಹಳೆಯ ಹೂವಿನ ಮಾರುಕಟ್ಟೆಯ ಕಟ್ಟಡವೇ ಈಗ ಸಾರಿಗೆ ಮ್ಯೂಸಿಯಂ. ಕುದುರೆ ಎಳೆಯುವ ಟ್ರಾಮ್ ನೋಡಿ ನನಗೆ ಅಪ್ಪನ ನೆನಪಾಯಿತು. ಕುಂದಾಪುರದ ಕಡೆಯಿಂದ ಬಂದು ಮಾಟುಂಗಾದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಪ್ಪ, ರಜೆ ಸಿಕ್ಕರೆ ದಾದರ್‌ನಿಂದ ಬೋರಿಬಂದರ್‌ವರೆಗೆ ಸುಮ್ನೆ ಟ್ರಾಮಿನಲ್ಲಿ ಹೋಗಿ ಬರುತ್ತಿದ್ದರು. 1964ರ ಮಾರ್ಚ್ 31ರ ರಾತ್ರಿ ಕೊನೆಯ ಟ್ರಾಮ್ ಹೋಗುವಾಗ ರಸ್ತೆಯಲ್ಲಿ ನಿಂತು ಕೈ ಬೀಸಿದ್ದರಂತೆ. ನಾವು ಇವತ್ತಿಗೂ ದಾದರ್ ಟಿ.ಟಿ. ಅನ್ನುತ್ತೇವೆ. ಟಿ.ಟಿ. ಅಂದರೆ ಟ್ರಾಮ್ ಟರ್ಮಿನಸ್. ಟ್ರಾಮ್ ಹೋಯಿತು, ಹೆಸರು ಬಾಯಲ್ಲಿ ಉಳಿಯಿತು. ಆಣಿಕ್ ಡಿಪೋದಲ್ಲಿ ನಮ್ಮ ಮುಂಬಯಿ ಬಸ್ ಓಡಿಸುವ ಬೆಸ್ಟ್‌ನ ಮ್ಯೂಸಿಯಂ ಇದೆ, ಮೊಮ್ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಒಂದೆರಡು ಅನುಭವದ ಮಾತು. ಯುರೋಪಿನಲ್ಲಿ ಸೋಮವಾರ ಬಾಗಿಲು ಹಾಕುವ ಮ್ಯೂಸಿಯಂಗಳು ಬಹಳ. ಎರಡು ಗಂಟೆ ಪ್ರಯಾಣ ಮಾಡಿ ಹೋಗಿ, ಮುಚ್ಚಿದ ಗೇಟಿನ ಮುಂದೆ ಮೊಸರನ್ನದ ಡಬ್ಬಿ ತೆರೆದು ತಿಂದು ವಾಪಸ್ ಬಂದಿದ್ದೇನೆ. ಮೊದಲೇ ನೋಡಿಕೊಂಡು ಹೊರಡಿ. ಎಲ್ಲಾ ನೋಡಲು ಹೋಗಬೇಡಿ, ಕಾಲು ಕೇಳುವುದಿಲ್ಲ. ಒಂದು ಹಾಲ್, ಮೂರು ವಸ್ತು ಸಾಕು. ಹಲವು ಕಡೆ ನಿವೃತ್ತರಾದ ಹಿರಿಯರು ಸಂಬಳವಿಲ್ಲದೆ ನಿಂತು ವಿವರಿಸುತ್ತಾರೆ. ಅವರನ್ನು ಮಾತಾಡಿಸಿ. ನಮ್ಮ ಇಂಗ್ಲಿಷ್ ಹೇಗಿದ್ದರೂ ನಡೆಯುತ್ತದೆ.

ಕೊನೆಗೆ, ನಾನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದ ವಿಷಯ.

ಮ್ಯೂನಿಕ್‌ನಿಂದ ಎಸ್-1 ಲೋಕಲ್ ಹತ್ತಿದರೆ ಓಬರ್‌ಶ್ಲೈಸ್‌ಹೈಮ್ ಅಂತ ಸ್ಟೇಷನ್. ಅಲ್ಲಿಂದ ಸ್ವಲ್ಪ ನಡೆದರೆ ಹಳೆಯ ವಿಮಾನ ನಿಲ್ದಾಣ. ಅದರ ಹ್ಯಾಂಗರ್‌ಗಳಲ್ಲಿ ಡಾಯ್ಚಸ್ ಮ್ಯೂಸಿಯಂನವರು ವಿಮಾನಗಳನ್ನು ಇಟ್ಟಿದ್ದಾರೆ. ಸುಮ್ನೆ ನೋಡುತ್ತಾ ಹೋಗುತ್ತಿದ್ದೆ. ಒಂದು ಚೂಪು ಮೂತಿಯ ಯುದ್ಧವಿಮಾನದ ಮೇಲೆ ನಮ್ಮ ಕೇಸರಿ, ಬಿಳಿ, ಹಸಿರು ಬಣ್ಣದ ಗುರುತು ಕಾಣಿಸಿತು. ಹತ್ತಿರ ಹೋದೆ. ಎಚ್.ಎಫ್.-24 ಮಾರುತ್. ಬೆಂಗಳೂರಿನ ಎಚ್.ಎ.ಎಲ್.ನದು!

ಇಲ್ಲಿ ನನ್ನ ಲೆಕ್ಕ ತಿರುಗುಮುರುಗಾಯಿತು. ಇಷ್ಟು ದಿನ ನಮ್ಮ ಯಂತ್ರಗಳ ತವರನ್ನು ಅವರ ಊರಿನಲ್ಲಿ ಹುಡುಕುತ್ತಿದ್ದೆ. ಇಲ್ಲಿ ನಮ್ಮ ಮನೆಯ ಮಗಳೇ ಅವರ ಊರಿನಲ್ಲಿ ನಿಂತಿದ್ದಾಳೆ.

ಅವಳು ಅಲ್ಲಿಗೆ ಸೇರಿದ್ದಕ್ಕೆ ಕಾರಣ ಇದೆ. ಅದರ ವಿನ್ಯಾಸ ಮಾಡಿದವರು ಜರ್ಮನಿಯ ಕುರ್ಟ್ ಟ್ಯಾಂಕ್. 1956ರಲ್ಲಿ ತಮ್ಮ ಕೆಲವು ಜತೆಗಾರರೊಂದಿಗೆ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳ ಜೊತೆ ಕೆಲಸ ಮಾಡಿದರು. ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಒಂದು ಮರದ ಗ್ಲೈಡರ್ ಮಾಡಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮೊದಲ ಮಾರುತ್ ಹಾರಿಸಿದರು. ಬೇಕಾದಷ್ಟು ಶಕ್ತಿಯ ಎಂಜಿನ್ ಮಾತ್ರ ಅದಕ್ಕೆ ಕೊನೆಗೂ ಸಿಗಲಿಲ್ಲ. ಆದರೂ 147 ತಯಾರಾದವು, 1971ರ ಯುದ್ಧದಲ್ಲಿ ದುಡಿದವು. ಸುರಂಜನ್ ದಾಸ್ 1970ರಲ್ಲಿ ಮಾರುತ್ ಅಪಘಾತದಲ್ಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಲ್ಲಿ ಓಡಾಡುವ ಎಷ್ಟು ಜನರಿಗೆ ಅವರು ಯಾರು ಅಂತ ಗೊತ್ತು?

ನನ್ನ ಸೋದರಮಾವ 1965ರಲ್ಲಿ ಎಚ್.ಎ.ಎಲ್. ಸೇರಿದವರು. ರಿವೆಟ್, ಅಂದರೆ ತಗಡುಗಳನ್ನು ಜೋಡಿಸುವ ಮೊಳೆ, ಹೊಡೆಯುವ ಕೆಲಸ. ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸಿದೆ. ಎರಡು ನಿಮಿಷಕ್ಕೆ ಫೋನ್ ಬಂತು.

“ಪುಟ್ಟಿ, ಎಲ್ಲಿದ್ದೀಯೇ ನೀನು?”

“ಜರ್ಮನಿಯಲ್ಲಿ ಮಾವ. ಇಲ್ಲಿ ನಿಮ್ಮ ವಿಮಾನ ಇದೆ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ರೆಕ್ಕೆ ಮೈಗೆ ಸೇರುವ ಜಾಗಕ್ಕೆ ಹೋಗು. ಅಡ್ಡ ನಿಂತು, ಬೆಳಕಿಗೆ ಹಿಡಿದು ನೋಡು. ರಿವೆಟ್ ತಲೆ ಕಾಣುತ್ತಾ?”

ನೋಡಿದೆ. ಎದುರಿನಿಂದ ನಯವಾದ ತಗಡು. ಪಕ್ಕದಿಂದ ನೋಡಿದಾಗ ಮಾತ್ರ, ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಸಾಲು ಸಾಲು. ಒಂದೂ ಉಬ್ಬಿಲ್ಲ, ಒಂದೂ ಕುಸಿದಿಲ್ಲ.

“ಚುಕ್ಕಿ ಕಾಣುತ್ತೆ ಮಾವ, ತಲೆ ಕಾಣಲ್ಲ.”

“ಹಾಗೇ ಇರಬೇಕು. ತಲೆ ಬೆರಳಿಗೆ ಸಿಕ್ಕಿದರೆ ಗಾಳಿಗೂ ಸಿಗುತ್ತೆ. ಪ್ರತಿಯೊಂದನ್ನೂ ಬೆರಳು ಸವರಿ ನೋಡುತ್ತಿದ್ದೆವು.”

ಅಲ್ಲಿ ಮುಟ್ಟುವ ಹಾಗಿಲ್ಲ. ನಾನು ಕೈ ಹಿಂದೆ ಕಟ್ಟಿಕೊಂಡು ಒಂದು ಗಂಟೆ ಅದರ ಸುತ್ತ ತಿರುಗಿದೆ.

ನಮ್ಮ ವರ್ಲಿಯ ನೆಹರು ವಿಜ್ಞಾನ ಕೇಂದ್ರದ ತೋಟದಲ್ಲೂ ಒಂದು ಮಾರುತ್ ಇದೆ. ಇಷ್ಟು ವರ್ಷ ಇಲ್ಲೇ ಇದ್ದು ನಾನು ಅದನ್ನು ನೋಡಿಲ್ಲ. ಮಾವನಿಗೆ ಈಗ ಕಣ್ಣು ಮಂಜು, ಆದರೆ ಬೆರಳು ಚೆನ್ನಾಗಿದೆ. ಬರುವ ವಾರ ಬೆಂಗಳೂರಿನಿಂದ ಬರುತ್ತಿದ್ದಾರೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಡೊಂಬಿವಲಿ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹತ್ತಿರ ನಾವಿಬ್ಬರೂ ಇರುತ್ತೇವೆ. ದಾದರ್‌ನಲ್ಲಿ ಬದಲಿಸಿ ಮಹಾಲಕ್ಷ್ಮಿಗೆ ಹೋಗುವುದು. ಬರುವವರು ಈಗಲೇ ಹೆಸರು ಕೊಡಿ, ಮಾವನಿಗೆ ಎಷ್ಟು ಜನ ಅಂತ ಹೇಳಬೇಕು.