ಲಿಂಕನ್‌ಗೆ ಟಿಕೆಟ್ ಸಿಕ್ಕ ಕಥೆ: "ಈ ಸಲ ನನ್ನ ಸರದಿ"

ನಮಸ್ಕಾರ. "ತನ್ನೊಳಗೇ ಒಡೆದ ಮನೆ ನಿಲ್ಲಲಾರದು." ಬೈಬಲ್ಲಿನ ಈ ಮಾತು ಕೇಳಿದ್ರೆ ಅಮೆರಿಕದ ಇತಿಹಾಸ ಓದಿದವರಿಗೆ ಅಬ್ರಹಾಂ ಲಿಂಕನ್ ನೆನಪಾಗ್ತಾನೆ. 1858ರಲ್ಲಿ, ಅರ್ಧ ದೇಶದಲ್ಲಿ ಗುಲಾಮಗಿರಿ, ಇನ್ನರ್ಧದಲ್ಲಿ ಇಲ್ಲ, ಹೀಗೆ ಬಹಳ ದಿನ ನಡೆಯಲ್ಲ ಅಂತ ಹೇಳೋವಾಗ ಅವನು ಇದನ್ನ ಬಳಸಿದ. ಆದರೆ ಅದಕ್ಕೆ 15 ವರ್ಷ ಮುಂಚೆ, 1843ರ ಮಾರ್ಚ್ 4ರಂದು, ಇದೇ ಲಿಂಕನ್ ಇದೇ ಮಾತನ್ನ ಬರೆದಿದ್ದಾನೆ. ಆಗ ವಿಷಯ ಏನು ಗೊತ್ತಾ? ಪಕ್ಷದ ಟಿಕೆಟ್ ಹಂಚಿಕೆ.

ಇಲಿನಾಯ್ ರಾಜ್ಯದ ವಿಗ್ ಪಕ್ಷದವರಿಗೆ ಲಿಂಕನ್ ಮತ್ತು ಇನ್ನಿಬ್ಬರು ಸೇರಿ ಹೊರಡಿಸಿದ ಮನವಿ ಅದು. ವಿಗ್ ಅಂದ್ರೆ ಆಗ ಲಿಂಕನ್ ಇದ್ದ ಪಕ್ಷ, ಡೆಮಾಕ್ರಾಟರ ಎದುರಾಳಿ. ನಮ್ಮವರೇ ಇಬ್ಬರು ಮೂವರು ಕಣಕ್ಕಿಳಿದರೆ ಡೆಮಾಕ್ರಾಟರು ಆರಾಮಾಗಿ ಗೆಲ್ತಾರೆ. ಪ್ರತಿ ಕ್ಷೇತ್ರದಲ್ಲೂ ಸಮಾವೇಶ ಕರೆದು ಒಬ್ಬನನ್ನ ಆರಿಸಿ, ಉಳಿದವರು ಅವನ ಪರ ದುಡಿಯಿರಿ ಅನ್ನೋದು ಸಾರಾಂಶ. ಈಸೋಪನ ಕಟ್ಟಿಗೆ ಕಂತೆಯ ಕಥೆಯನ್ನೂ ಅದರಲ್ಲಿ ಸೇರಿಸಿದ್ದಾರೆ. ಎರಡು ವಾರ ಕಳೆದ ಮೇಲೆ ಆ ಒಗ್ಗಟ್ಟಿನ ಪಾಠ ಲಿಂಕನ್ನನ ತಲೆಗೇ ಬಂತು.

ಇವತ್ತು ನಾನು ಮಾತಾಡೋಕೆ ಹೊರಟಿರೋದು ಆ ಟಿಕೆಟ್ ಜಗಳದ ಬಗ್ಗೆ. 1843ರಿಂದ 1846ರವರೆಗೆ ಮೂವರು ಗೆಳೆಯರ ನಡುವೆ ನಡೆದದ್ದು. ನನ್ನ ವಾದ ಮೊದಲೇ ಹೇಳಿಬಿಡ್ತೀನಿ: ಲಿಂಕನ್ ಕಾಂಗ್ರೆಸ್ಸಿಗೆ ಹೋಗಿದ್ದು "ಈ ಸಲ ನನ್ನ ಸರದಿ" ಅನ್ನೋ ಒಂದೇ ವಾದದ ಮೇಲೆ. ಕೇಳೋಕೆ ಅದು ನ್ಯಾಯವಾಗೇ ಇದೆ. ಆದರೆ ಅವತ್ತು ಸೋತವನ ಕೈಯಲ್ಲಿ ಇದಕ್ಕಿಂತ ಒಳ್ಳೆ ಐಡಿಯಾ ಇತ್ತು. ಅಂದ ಹಾಗೆ, ಇಲ್ಲಿ ಕಾಂಗ್ರೆಸ್ ಅಂದ್ರೆ ಅಮೆರಿಕದ ಸಂಸತ್ತು. ಪಕ್ಷ ಅಂದ್ಕೊಂಡು ಕಾಮೆಂಟ್‌ನಲ್ಲಿ ಕಿತ್ತಾಡಬೇಡಿ.

ಕ್ಷೇತ್ರದ ಲೆಕ್ಕಾಚಾರ ಮೊದಲು. 1840ರ ಜನಗಣತಿ ಆದ ಮೇಲೆ ಇಲಿನಾಯ್‌ಗೆ ಏಳು ಕಾಂಗ್ರೆಸ್ ಸ್ಥಾನ ಸಿಕ್ಕವು. ರಾಜ್ಯದ ತುಂಬ ಡೆಮಾಕ್ರಾಟರದೇ ಕಾರುಬಾರು. ವಿಗ್‌ಗಳು ಕಣ್ಣು ಮುಚ್ಚಿಕೊಂಡು ಗೆಲ್ಲಬಹುದಾದದ್ದು ಒಂದೇ ಒಂದು, ಸ್ಪ್ರಿಂಗ್‌ಫೀಲ್ಡ್ ಇದ್ದ ಏಳನೇ ಕ್ಷೇತ್ರ. ಅಲ್ಲಿ ಟಿಕೆಟ್ ಸಿಕ್ಕವನು ಗೆದ್ದ ಹಾಗೇ. ಹೀಗಾಗಿ ನಿಜವಾದ ಚುನಾವಣೆ ನಡೀತಾ ಇದ್ದದ್ದು ಪಕ್ಷದ ಒಳಗೆ.

ಆಕಾಂಕ್ಷಿಗಳು ಮೂವರು, ಮೂವರೂ ವಕೀಲರು, ಮೂವರಿಗೂ ಮೂವತ್ತು ದಾಟಿ ಎರಡರಿಂದ ನಾಲ್ಕು ವರ್ಷ. ಜಾನ್ ಹಾರ್ಡಿನ್ ಪಕ್ಕದ ಮಾರ್ಗನ್ ಕೌಂಟಿಯವನು (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ), ತಂದೆ ಕೆಂಟಕಿಯಿಂದ ಸೆನೆಟರ್ ಆಗಿದ್ದವರು. ಎಡ್ವರ್ಡ್ ಬೇಕರ್ ಲಂಡನ್ನಿನಲ್ಲಿ ಹುಟ್ಟಿದವನು, ಭಾಷಣಕ್ಕೆ ನಿಂತರೆ ಜನ ಕದಲ್ತಾ ಇರಲಿಲ್ಲ. ಮೂರನೆಯವನು ಲಿಂಕನ್. ಹಾರ್ಡಿನ್ ಲಿಂಕನ್ನನ ಹೆಂಡತಿ ಮೇರಿಗೆ ದೂರದ ಸಂಬಂಧಿ. 1842ರ ಸೆಪ್ಟೆಂಬರಿನಲ್ಲಿ ಲಿಂಕನ್ ಪತ್ರಿಕೆಯಲ್ಲಿ ಜೇಮ್ಸ್ ಶೀಲ್ಡ್ಸ್ ಅನ್ನೋ ಡೆಮಾಕ್ರಾಟ್ ನಾಯಕನನ್ನ ಗೇಲಿ ಮಾಡಿ ದ್ವಂದ್ವಯುದ್ಧಕ್ಕೆ ಸಿಕ್ಕಿಹಾಕಿಕೊಂಡಾಗ, ಕತ್ತಿ ಹಿಡಿದು ನದಿ ಆಚೆ ಮಿಸೂರಿ ದಂಡೆಗೆ ಹೋದಾಗ, ನಡುವೆ ಬಂದು ರಾಜಿ ಮಾಡಿಸಿದವರಲ್ಲಿ ಇದೇ ಹಾರ್ಡಿನ್ ಒಬ್ಬ. ಇಂಥವನ ಎದುರು ಟಿಕೆಟ್‌ಗೆ ನಿಲ್ಲೋದು ಹೇಳಿದಷ್ಟು ಸುಲಭ ಅಲ್ಲ.

1843ರ ಮಾರ್ಚ್ 20. ಸ್ಪ್ರಿಂಗ್‌ಫೀಲ್ಡ್ ಇರೋ ಸ್ಯಾಂಗಮನ್ ಕೌಂಟಿಯ ವಿಗ್ ಸಮಾವೇಶ. ಲಿಂಕನ್ನನ ಸ್ವಂತ ಅಂಗಳ. ಅಲ್ಲೇ ಬೇಕರ್ ಗೆದ್ದ. ಗಾಯಕ್ಕೆ ಉಪ್ಪು ಸವರಿದ ಹಾಗೆ, ಇಡೀ ಕ್ಷೇತ್ರದ ಸಮಾವೇಶದಲ್ಲಿ ಬೇಕರ್ ಪರ ನಿಲ್ಲೋ ಪ್ರತಿನಿಧಿಗಳಲ್ಲಿ ಲಿಂಕನ್ನನ ಹೆಸರನ್ನೂ ಸೇರಿಸಿದರು. ಬೇಡ ಅಂದರೂ ಬಿಡಲಿಲ್ಲ. ನಾಲ್ಕು ದಿನ ಆದ ಮೇಲೆ ಗೆಳೆಯ ಜೋಶುವಾ ಸ್ಪೀಡ್‌ಗೆ ಬರೀತಾನೆ: ತಾನು ಪ್ರೀತಿಸಿದ ಹುಡುಗಿಯನ್ನ ಹೊಡೆದುಕೊಂಡು ಮದುವೆ ಆಗ್ತಿರೋನಿಗೆ ತಾನೇ ಜೊತೆಗಾರನಾಗಿ ನಿಂತ ಹಾಗಾಯ್ತು ನನ್ನ ಪಾಡು ಅಂತ.

ಸೋತದ್ದು ಯಾಕೆ? ಅದನ್ನೂ ಅವನೇ ಇನ್ನೊಂದು ಕಾಗದದಲ್ಲಿ ಬರೆದಿದ್ದಾನೆ, ಮೆನಾರ್ಡ್ ಕೌಂಟಿಯ ಮಾರ್ಟಿನ್ ಮಾರಿಸ್‌ಗೆ. ಈ ಕಾಗದ ನನಗೆ ತುಂಬ ಇಷ್ಟ. ತಿಂಗಳಿಗೆ ಹತ್ತು ಡಾಲರಿಗೆ ದೋಣಿಯಲ್ಲಿ ಕೂಲಿ ಮಾಡಿದ, ದಿಕ್ಕಿಲ್ಲದ, ಓದಿಲ್ಲದ, ಕಾಸಿಲ್ಲದ ಹುಡುಗನಾಗಿ ನನ್ನನ್ನ ಕಂಡಿದ್ದ ನಿಮ್ಮೂರ ಹಿರಿಯರಿಗೆ, ಇಲ್ಲಿ ನನ್ನನ್ನ ದೊಡ್ಡ ಮನೆತನದ, ಹಣವಂತರ ಅಭ್ಯರ್ಥಿ ಅಂತ ಕರೀತಿದ್ದಾರೆ ಅಂದ್ರೆ ನಗು ಬರಬಹುದು ಅಂತಾನೆ. ಹಿಂದಿನ ನವೆಂಬರಿನಲ್ಲಷ್ಟೇ ಅವನು ಟಾಡ್ ಮನೆತನದ ಮೇರಿಯನ್ನ ಮದುವೆ ಆಗಿದ್ದ. ಎದುರಾಳಿಗಳಿಗೆ ಅಷ್ಟು ಸಾಕಾಯ್ತು. ಆಮೇಲೆ ಧರ್ಮದ ವಿಷಯಕ್ಕೆ ಬರ್ತಾನೆ. ಬೇಕರ್ ಕ್ಯಾಂಬೆಲೈಟ್ ಪಂಥದವನು, ಆ ಮಂದಿ ಎಲ್ಲ ಅವನ ಕಡೆ. ಲಿಂಕನ್ನನ ಹೆಂಡತಿಯ ಕಡೆ ಕೆಲವರು ಪ್ರೆಸ್ಬಿಟೇರಿಯನ್, ಕೆಲವರು ಎಪಿಸ್ಕೋಪಲ್. ಎಲ್ಲಿ ಯಾವುದನ್ನ ಹೇಳಿದರೆ ವೋಟು ಕಳೀತದೋ ಅಲ್ಲಿ ಇವನು ಅದೇ ಚರ್ಚಿನವನು ಅಂತ ಹಬ್ಬಿಸಿದರು. ಅದೇ ಉಸಿರಿನಲ್ಲಿ, ಇವನು ಯಾವ ಚರ್ಚಿಗೂ ಸೇರಿಲ್ಲ, ದ್ವಂದ್ವಯುದ್ಧಕ್ಕೆ ಹೊರಟಿದ್ದವನು, ಕ್ರೈಸ್ತನಾದವನು ಇವನಿಗೆ ವೋಟು ಹಾಕಬಾರದು ಅಂತಲೂ ಹೇಳಿದರು. ಎರಡು ಚರ್ಚಿನವನೂ ಹೌದು, ಯಾವ ಚರ್ಚಿನವನೂ ಅಲ್ಲ! ನೆನಪಿಡಿ, ಇಷ್ಟೆಲ್ಲ ಮಾಡಿದ್ದು ವಿರೋಧ ಪಕ್ಷ ಅಲ್ಲ. ಸ್ವಂತ ಪಕ್ಷದವರು, ಸ್ವಂತ ಊರಿನವರು.

ಮೇ 1ರಂದು ಪೀಕಿನ್ ಊರಲ್ಲಿ ಇಡೀ ಕ್ಷೇತ್ರದ ಸಮಾವೇಶ. ಟಿಕೆಟ್ ಹಾರ್ಡಿನ್ ಪಾಲಾಯ್ತು. ಎಲ್ಲರೂ ಎದ್ದು ಹೊರಡೋ ಹೊತ್ತು. ಆಗ ಲಿಂಕನ್ ಒಂದು ನಿರ್ಣಯ ಮಂಡಿಸಿದ: ಮುಂದಿನ ಸಲದ ಟಿಕೆಟ್‌ಗೆ ಬೇಕರ್ ಯೋಗ್ಯ ಅಂತ ಈ ಸಮಾವೇಶ ಶಿಫಾರಸು ಮಾಡಬೇಕು. 18ಕ್ಕೆ 14 ವೋಟಿನಲ್ಲಿ ಪಾಸಾಯ್ತು. ಬೇಕರ್ ಪರ ಪ್ರತಿನಿಧಿಯಾಗಿ ಹೋದವನು ಬೇಕರ್‌ಗೆ ಮುಂದಿನ ಸಲದ ದಾರಿ ತೆರೆದ. ಎಂಥ ಗೆಳೆತನ ಅಲ್ವಾ? ಸ್ವಲ್ಪ ತಾಳಿ. ಹಾರ್ಡಿನ್ ಒಂದು ಅವಧಿ, ಬೇಕರ್ ಒಂದು ಅವಧಿ ಅಂತಾದ್ರೆ, ಆಮೇಲೆ ಉಳಿಯೋದು ಯಾರು? ಕಾಗದದಲ್ಲಿ ಲಿಂಕನ್ನನ ಹೆಸರೇ ಇಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಅವತ್ತು ಆ ಕೋಣೆಯಲ್ಲಿದ್ದ ಅತ್ಯಂತ ಬುದ್ಧಿವಂತ ನಡೆ ಇದು ಅಂತ ನನ್ನ ಅಭಿಪ್ರಾಯ.

1844ರಲ್ಲಿ ಬೇಕರ್‌ಗೆ ಟಿಕೆಟ್ ಸಿಕ್ತು, ಗೆದ್ದ. 1845ರ ಕೊನೆಗೆ ಲಿಂಕನ್ ಪೆನ್ನು ಕೈಗೆತ್ತಿಕೊಂಡ. ಒಂದೊಂದು ಕೌಂಟಿಯ ಒಬ್ಬೊಬ್ಬ ವಕೀಲ, ಡಾಕ್ಟರ್, ಸಂಪಾದಕನಿಗೆ ಕಾಗದ. ನವೆಂಬರ್ 18ರಂದು ಹೆನ್ರಿ ಡಮ್ಮರ್‌ಗೆ ಬರೆದದ್ದು ನೋಡಿ: ಬೇಕರ್ ಈ ಸಲ ದಾರಿ ಬಿಟ್ಟುಕೊಟ್ಟಿದ್ದಾನೆ, ಹಾರ್ಡಿನ್ ಮತ್ತೆ ನಿಲ್ಲೋ ಹಾಗೆ ಕಾಣ್ತದೆ, ಅವನಿಗಿಂತ ನಾನೇ ಮೇಲು ಅನ್ನೋಕೆ ನನ್ನ ಹತ್ತಿರ ಬೇರೆ ಯಾವ ವಾದವೂ ಇಲ್ಲ, ಇರೋದು ಒಂದೇ, ಸರದಿ ಪ್ರಕಾರ ನಡೆಯೋದೇ ನ್ಯಾಯ. ಜನವರಿಯಲ್ಲಿ ಡಾಕ್ಟರ್ ಬೋಲ್‌ಗೆ ಬರೆಯುವಾಗ, ಹಾರ್ಡಿನ್ ಪ್ರತಿಭಾವಂತ, ಚುರುಕು, ಸಾಮಾನ್ಯವಾಗಿ ಉದಾರಿ ಅಂತ ಹೊಗಳ್ತಾನೆ. ಆ "ಸಾಮಾನ್ಯವಾಗಿ" ಎಷ್ಟು ಕೆಲಸ ಮಾಡ್ತಾ ಇದೆ ನೋಡಿ! ಹೊಗಳಿ ಮುಗಿಸಿ, ಆದರೆ ಸರದಿ ಅನ್ನೋದನ್ನ ಮಾತ್ರ ಅವನು ಒಪ್ತಾ ಇಲ್ಲ ಅಂತಾನೆ. ಒಂದು ಕೆಟ್ಟ ಮಾತಿಲ್ಲ, ಆರೋಪ ಇಲ್ಲ. ಓದಿದವನಿಗೆ ಹಾರ್ಡಿನ್ ಆಸೆಬುರುಕನ ಹಾಗೆ ಕಾಣ್ತಾನೆ, ಅಷ್ಟೇ.

ಈ ನಡುವೆ ಟಾಜ್‌ವೆಲ್ ಕೌಂಟಿಯಲ್ಲಿ ಲಿಂಕನ್ನನ ಬೆಂಬಲಿಗನ ಪತ್ರಿಕೆ, ಹಾರ್ಡಿನ್ ರಾಜ್ಯಪಾಲ ಹುದ್ದೆಗೆ ನಿಲ್ಲಲಿ ಅಂತ ಬರೀತು. ಡೆಮಾಕ್ರಾಟರೇ ತುಂಬಿದ್ದ ರಾಜ್ಯದಲ್ಲಿ ವಿಗ್ ಒಬ್ಬ ರಾಜ್ಯಪಾಲ ಚುನಾವಣೆಗೆ ನಿಲ್ಲೋದು ಅಂದ್ರೆ ಸನ್ಮಾನ ಮಾಡಿ ಸೋಲೋಕೆ ಕಳಿಸೋದು. ಇದು ನಿನ್ನದೇ ಕಿತಾಪತಿ ಅಂತ ಹಾರ್ಡಿನ್ ಸಿಟ್ಟಾದ. ನನಗೂ ಅದಕ್ಕೂ ಸಂಬಂಧ ಇಲ್ಲ ಅಂತ ಲಿಂಕನ್ ಉತ್ತರಿಸಿದ.

ಈಗ ನನ್ನ ತಕರಾರಿನ ಜಾಗ. 1846ರ ಜನವರಿಯಲ್ಲಿ ಹಾರ್ಡಿನ್ ಒಂದು ಪ್ರಸ್ತಾವ ಇಟ್ಟ. ಸಮಾವೇಶ ಬೇಡ, ಪ್ರತಿನಿಧಿಗಳ ಗುಂಪುಗಾರಿಕೆ ಬೇಡ. ಊರೂರಿನ ವಿಗ್ ಮತದಾರರನ್ನೇ ನೇರವಾಗಿ ಕೇಳೋಣ, ಯಾರಿಗೆ ಜಾಸ್ತಿ ವೋಟೋ ಅವನಿಗೇ ಟಿಕೆಟ್. ಜೊತೆಗೆ ಒಂದು ಷರತ್ತು: ಆಕಾಂಕ್ಷಿಗಳು ತಮ್ಮ ಸ್ವಂತ ಕೌಂಟಿ ಬಿಟ್ಟು ಹೊರಗೆ ಪ್ರಚಾರಕ್ಕೆ ಹೋಗಬಾರದು. ಜನವರಿ 19ರಂದು ಲಿಂಕನ್ ಉತ್ತರ ಬರೆದ: ನೀನೂ ಬೇಕರ್ರೂ ಒಬ್ಬರಾದ ಮೇಲೊಬ್ಬರು ಆಯ್ಕೆ ಆದ ಹಳೇ ಪದ್ಧತಿಯೇ ನನಗೆ ಪೂರ್ತಿ ಒಪ್ಪಿಗೆ.

ಷರತ್ತಿನ ಬಗ್ಗೆ ಲಿಂಕನ್ ಹೇಳಿದ್ದು ಸರಿ ಇದೆ. ನೀನು ಕಾಂಗ್ರೆಸ್ಸಿಗೆ ಹೋಗಿ ಬಂದವನು, ನಿನ್ನ ಹೆಸರು ಆಗಲೇ ಕ್ಷೇತ್ರದ ತುಂಬ ಹರಡಿದೆ, ನಾನು ಮನೆಯಲ್ಲಿ ಕೂತರೆ ಲಾಭ ನಿನಗೇ ಅಂದ. ಒಪ್ಪೋಣ. ಆದರೆ ಷರತ್ತನ್ನ ತೆಗೆದು ಮತದಾರರನ್ನ ಕೇಳೋಣ ಅಂತ ಅವನು ಹೇಳಬಹುದಿತ್ತಲ್ವಾ? ಹೇಳಲಿಲ್ಲ. ಯಾಕಂದ್ರೆ ಕಾಗದ ಬರೆದು ಬರೆದು ಪ್ರತಿನಿಧಿಗಳನ್ನ ಆಗಲೇ ತನ್ನ ಕಡೆ ಮಾಡಿಕೊಂಡಿದ್ದ. ಹಾರ್ಡಿನ್ ಸ್ವಾರ್ಥಕ್ಕೇ ಕೇಳಿರಬಹುದು, ಸೋಲು ಕಂಡಾಗ ನಿಯಮ ಬದಲಿಸೋಣ ಅನ್ನೋದು ಹಳೇ ಚಾಳಿ. ಆದರೂ ಅವನು ಕೇಳಿದ್ದು ತಪ್ಪಲ್ಲ. ಸರದಿಯ ಮಾತು ನಡೆದದ್ದು ಮೂವರು ಗೆಳೆಯರು ಮತ್ತು ಮೂವತ್ತೆರಡು ಪ್ರತಿನಿಧಿಗಳ ನಡುವೆ. ಕ್ಷೇತ್ರದ ಜನರನ್ನ ಯಾರೂ ಕೇಳಿರಲಿಲ್ಲ. (ಜನ ಅಂದ್ರೆ ಆಗ ಬಿಳಿಯ ಗಂಡಸರು ಮಾತ್ರ, ಅದು ಬೇರೆ ಮಾತು. ಅವರೂ ಮತಗಟ್ಟೆಯಲ್ಲಿ ಎಲ್ಲರಿಗೂ ಕೇಳೋ ಹಾಗೆ ಬಾಯಲ್ಲೇ ವೋಟು ಹೇಳಬೇಕಿತ್ತು.) ಹಾರ್ಡಿನ್ ಕೇಳಿದಂಥ ನೇರ ಪ್ರಾಥಮಿಕ ಚುನಾವಣೆ ಇಲಿನಾಯ್‌ಗೆ ಕಾನೂನಾಗಿ ಬರೋಕೆ 20ನೇ ಶತಮಾನವೇ ಆಗಬೇಕಾಯ್ತು.

ಫೆಬ್ರವರಿಯಲ್ಲಿ ಹಾರ್ಡಿನ್ ಹಿಂದೆ ಸರಿದ. ಮಾರ್ಚ್ 10ರಂದು ಲಿಂಕನ್‌ಗೆ ಎರಡನೇ ಮಗ ಹುಟ್ಟಿದ. ಇಟ್ಟ ಹೆಸರು ಎಡ್ವರ್ಡ್ ಬೇಕರ್ ಲಿಂಕನ್. ಮೂರು ವರ್ಷ ಹಿಂದೆ ತನ್ನ ಊರಲ್ಲೇ ತನ್ನನ್ನ ಸೋಲಿಸಿದವನ ಹೆಸರು! ಮೇ 1ರಂದು ಪೀಟರ್ಸ್‌ಬರ್ಗ್ ಸಮಾವೇಶ ಯಾವ ತಕರಾರೂ ಇಲ್ಲದೆ ಲಿಂಕನ್‌ಗೆ ಟಿಕೆಟ್ ಕೊಟ್ಟಿತು.

ಚುನಾವಣೆ ಬಗ್ಗೆ ಹೆಚ್ಚು ಹೇಳೋದೇನೂ ಇಲ್ಲ. ಎದುರಾಳಿ ಪೀಟರ್ ಕಾರ್ಟ್‌ರೈಟ್, ಊರೂರು ಸುತ್ತೋ ಮೆಥಡಿಸ್ಟ್ ಬೋಧಕ. ಲಿಂಕನ್ ನಾಸ್ತಿಕ ಅನ್ನೋ ಹಳೇ ಗುಸುಗುಸು ಮತ್ತೆ ಎದ್ದಿತು. ಈ ಸಲ ಅವನು ಕರಪತ್ರ ಅಚ್ಚು ಹಾಕಿಸಿ, ನಾನು ಯಾವ ಚರ್ಚಿನ ಸದಸ್ಯನೂ ಅಲ್ಲ ಅನ್ನೋದು ನಿಜ, ಆದರೆ ಧರ್ಮಗ್ರಂಥದ ಸತ್ಯವನ್ನ ಎಂದೂ ಅಲ್ಲಗಳೆದಿಲ್ಲ ಅಂದ. ಲಿಂಕನ್‌ಗೆ 6,340 ವೋಟು, ಕಾರ್ಟ್‌ರೈಟ್‌ಗೆ 4,829. ಅಕ್ಟೋಬರಿನಲ್ಲಿ ಸ್ಪೀಡ್‌ಗೆ ಬರೀತಾನೆ: ಗೆದ್ದದ್ದು ಅಂದುಕೊಂಡಷ್ಟು ಖುಷಿ ಕೊಡಲಿಲ್ಲ.

ಹಾರ್ಡಿನ್ ಅಷ್ಟರಲ್ಲಿ ಇಲಿನಾಯ್‌ನ ಮೊದಲ ರೆಜಿಮೆಂಟ್ ಕಟ್ಟಿಕೊಂಡು ಮೆಕ್ಸಿಕೊ ಯುದ್ಧಕ್ಕೆ ಹೋಗಿದ್ದ. 1847ರ ಫೆಬ್ರವರಿ 23ರಂದು ಬುಯೆನಾ ವಿಸ್ತಾ ಕದನದಲ್ಲಿ ಸತ್ತ. ಲಿಂಕನ್ ಕಾಂಗ್ರೆಸ್ಸಿನಲ್ಲಿ ಕೂತದ್ದು ಆ ವರ್ಷ ಡಿಸೆಂಬರಿನಲ್ಲಿ. ಕೂತ ಸ್ವಲ್ಪ ದಿನಕ್ಕೇ, ಹಾರ್ಡಿನ್ ಜೀವ ಕೊಟ್ಟ ಅದೇ ಯುದ್ಧವನ್ನ ಪ್ರಶ್ನಿಸಿದ.

ಇನ್ನು ಸರದಿ. ತನ್ನ ಅವಧಿ ಶುರುವಾಗಿ ಒಂದು ತಿಂಗಳಿಗೇ, 1848ರ ಜನವರಿ 8ರಂದು, ವಕೀಲಿಯ ಪಾಲುದಾರ ಹರ್ಂಡನ್‌ಗೆ ಕಾಗದ: ಬೇರೆ ಯಾರಿಗೂ ಬೇಡ ಅಂತಾದ್ರೆ, ನನ್ನನ್ನ ಮತ್ತೆ ಕಳಿಸೋ ಜನರ ಹಕ್ಕನ್ನ ನಾನು ನಿರಾಕರಿಸಲಾರೆ, ಆದರೆ ಇನ್ನೊಬ್ಬರ ಎದುರು ಸ್ಪರ್ಧೆಗೆ ಇಳಿಯೋಕೆ ಕೊಟ್ಟ ಮಾತು ಅಡ್ಡ ಬರ್ತದೆ. ಆಸೆ ಇತ್ತು, ಮುಚ್ಚಿಡಲೂ ಇಲ್ಲ. ಮಾತು ಮಾತ್ರ ಉಳಿಸಿಕೊಂಡ, ಇದಕ್ಕೆ ನಾನು ಪೂರ್ತಿ ಅಂಕ ಕೊಡ್ತೀನಿ. ಟಿಕೆಟ್ ಅವನ ಹಳೇ ಪಾಲುದಾರ ಸ್ಟೀಫನ್ ಲೋಗನ್‌ಗೆ ಹೋಯ್ತು. ರಾಜ್ಯದ ಒಳ್ಳೆಯ ವಕೀಲರಲ್ಲಿ ಒಬ್ಬ, ಆದರೆ ಜನ ಹತ್ತಿರ ಸುಳಿಯೋ ಸ್ವಭಾವದವನಲ್ಲ. ಡೆಮಾಕ್ರಾಟ್ ಥಾಮಸ್ ಹ್ಯಾರಿಸ್ ಎದುರು 106 ವೋಟಿನಿಂದ ಸೋತ. ಲಿಂಕನ್ನನ ಯುದ್ಧವಿರೋಧಿ ನಿಲುವೇ ಇದಕ್ಕೆ ಕಾರಣ ಅನ್ನೋರಿದ್ದಾರೆ, ಸ್ವಲ್ಪ ಇರಲೂಬಹುದು. ಆದರೆ ಮೂರು ತಿಂಗಳಲ್ಲಿ, ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ, ಅದೇ ಕ್ಷೇತ್ರ ವಿಗ್ ಅಭ್ಯರ್ಥಿ ಜಕಾರಿ ಟೇಲರ್ ಕೈ ಹಿಡಿಯಿತು. ಕ್ಷೇತ್ರ ಪಕ್ಷವನ್ನ ಬಿಟ್ಟಿರಲಿಲ್ಲ. ಲೋಗನ್ ಬೇಕಾ ಅಂತ ಅಲ್ಲಿನ ವಿಗ್ ಮತದಾರರನ್ನ ಮೊದಲೇ ಕೇಳಿದ್ದಿದ್ರೆ, ಬೇಡ ಅಂತ ಹೇಳ್ತಿದ್ರು ಅಂತ ನನಗನ್ನಿಸುತ್ತೆ.