ಮೊಂತಿ ಹಬ್ಬದ ಮರಿಯಮ್ಮ

ಕೇಳುಗರಿಗೆಲ್ಲ ನಮಸ್ಕಾರ.

ಸೆಪ್ಟೆಂಬರ್ 8 ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಕೆಥೋಲಿಕರ ಮನೆಯಲ್ಲಿ ಮೀನಿನ ವಾಸನೆ ಇರುವುದಿಲ್ಲ. ಮೀನಿಲ್ಲದೆ ತುತ್ತು ಇಳಿಯದವರೂ ಅವತ್ತು ಬಾಳೆ ಎಲೆ ಹಾಸಿ ಕೆಸುವಿನ ದಂಟು, ಹೀರೆ, ಬೆಂಡೆ ಅಂತ ಬರೀ ತರಕಾರಿ ಊಟ ಮಾಡುತ್ತಾರೆ. ಪಲ್ಯಗಳ ಲೆಕ್ಕವೂ ಬೆಸವೇ ಇರಬೇಕು. ಐದು, ಏಳು, ಒಂಬತ್ತು, ಹೀಗೆ. ಕೊಂಕಣಿಯಲ್ಲಿ ಇದು ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ದಿನ.

ಹುಟ್ಟಿದ ದಿನ ಅಂದೆ. ಆದರೆ ಬೈಬಲ್ ಪೂರ್ತಿ ಜಾಲಾಡಿದರೂ ಆಕೆ ಹುಟ್ಟಿದ ಬಗ್ಗೆ ಒಂದು ಸಾಲೂ ಸಿಗುವುದಿಲ್ಲ. ಅಪ್ಪ ಅಮ್ಮನ ಹೆಸರು ಕೂಡ ಬಂದಿದ್ದು 2ನೇ ಶತಮಾನದ, ಬೈಬಲಿಗೆ ಸೇರದ ಒಂದು ಬರಹದಿಂದ. ಇನ್ನು ಡಿಸೆಂಬರ್ 8ರ ಹಬ್ಬ ಇದೆಯಲ್ಲ, ಅದನ್ನು ತುಂಬಾ ಜನ ಯೇಸು ಗರ್ಭದಲ್ಲಿ ಮೂಡಿದ ಹಬ್ಬ ಅಂದುಕೊಂಡಿದ್ದಾರೆ. ಅಲ್ಲ. ಅದು ಮರಿಯಮ್ಮ ತನ್ನ ತಾಯಿಯ ಹೊಟ್ಟೆಯಲ್ಲಿ ಪಾಪದ ಸೋಂಕಿಲ್ಲದೆ ಮೂಡಿದ ಹಬ್ಬ. 1854ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಇದನ್ನು ನಂಬಲೇಬೇಕಾದ ಬೋಧನೆ ಎಂದು ಸಾರಿದರು. ಡಿಸೆಂಬರ್ 8ರಿಂದ ಎಣಿಸಿ ನೋಡಿ, ಸೆಪ್ಟೆಂಬರ್ 8ಕ್ಕೆ ಸರಿಯಾಗಿ ಒಂಬತ್ತು ತಿಂಗಳು!

ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ಒಯ್ಯಬೇಕು. ಒಮ್ಮೆ ಬುಟ್ಟಿ ತುಂಬಲಿಲ್ಲ ಅಂತ ನಾನು ಪಕ್ಕದ ಮನೆಯ ಬೇಲಿಯಿಂದ ದಾಸವಾಳ ಕಿತ್ತು, ಕೆಳಗೆ ಕ್ರೋಟನ್ ಎಲೆ ತುಂಬಿ, ಮೇಲೆ ಹೂ ಹರಡಿ ದೊಡ್ಡ ಬುಟ್ಟಿ ಅಂತ ತೋರಿಸಿಕೊಂಡಿದ್ದೆ. ಚರ್ಚಿನಲ್ಲಿ ಇಟ್ಟಿರುವ ಮೂರ್ತಿ ಕಿರೀಟ ಹೊತ್ತ ರಾಣಿಯದಲ್ಲ, ಬಟ್ಟೆಯಲ್ಲಿ ಸುತ್ತಿಟ್ಟ ಹಸುಗೂಸು ಮರಿಯಮ್ಮನದು. ಹಾಡುತ್ತಾ ಸಾಲಾಗಿ ಹೋಗಿ ಆ ಕೂಸಿನ ಮೇಲೆ ಹೂ ಎರಚುವುದು. ಎಲೆ ಎಸೆದವನೂ ನಾನೇ.

ಕಾಲೇಜಿನಲ್ಲಿ ಒಬ್ಬ ಗೆಳೆಯ ಕೇಳಿದ್ದ, "ಹಾಗಾದ್ರೆ ನಿಮಗೂ ಒಬ್ಬ ದೇವಿ ಇದ್ದಾಳೆ ಅನ್ನು?" ನಾನು ತಡವರಿಸಿದೆ. ಉತ್ತರ ನಮ್ಮ ಅಜ್ಜಿಯ ಬಾಯಲ್ಲೇ ಇತ್ತು, ನನಗೆ ಹೊಳೆದಿದ್ದು ಮಾತ್ರ ತಡವಾಗಿ. ರಾತ್ರಿ ಊಟಕ್ಕೆ ಮೊದಲು ಮನೆಯಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ನಾವು ಮಕ್ಕಳು ತೂಕಡಿಸುತ್ತಾ ಗೋಡೆಗೆ ಒರಗಿದರೆ ಅಜ್ಜಿಯ ಗಂಟಲು ಸ್ವಲ್ಪ ಏರುತ್ತಿತ್ತು, ಅಷ್ಟೇ. ಕೊನೆಗೆ ಬರುವ ಪ್ರಾರ್ಥನೆಯಲ್ಲಿ ದೇವರನ್ನು ಕರೆದಾಗ ಹೇಳುವುದು "ಕಾಕುಳ್ತ್ ಕರ್", ಕರುಣೆ ತೋರು. ಮರಿಯಮ್ಮನ ಹೆಸರು ಬಂದ ಕೂಡಲೇ ಮಾತು ಬದಲಾಗುತ್ತದೆ. "ವಿನತಿ ಕರ್." ನಮಗಾಗಿ ಬೇಡಿಕೋ. ಕೊಡುವವನು ದೇವರು, ನಮ್ಮ ಪರವಾಗಿ ಕೇಳುವವಳು ಈಕೆ. ಅಪ್ಪನ ಹತ್ತಿರ ನೇರ ಹೇಳಲು ಹೆದರಿ ಅಮ್ಮನ ಕೈಲಿ ಹೇಳಿಸುತ್ತಿದ್ದೆವಲ್ವಾ, ಹಾಗೆ ಅಂತ ಫಾದರ್‌ಗಳು ಪ್ರಸಂಗದಲ್ಲಿ ಹೇಳುವುದುಂಟು. ನನಗೆ ಆ ಹೋಲಿಕೆ ಪೂರ್ತಿ ಹಿಡಿಸುವುದಿಲ್ಲ, ದೇವರು ಸುಮ್ನೆ ಸಿಡುಕಿನ ಅಪ್ಪನಾಗಿಬಿಡುತ್ತಾನೆ. ಅಜ್ಜಿಯ ಎರಡು ಮಾತೇ ಜಾಸ್ತಿ ಸ್ಪಷ್ಟ.

ಆಕೆಗೆ ಎಷ್ಟು ಗೌರವ ಅಂತ ದೊಡ್ಡವರಲ್ಲೂ ಜಗ್ಗಾಟ ನಡೆದಿದೆ. ಆಕೆ ದೇವಮಾತೆ ಅನ್ನುವುದು 431ರಲ್ಲಿ ಎಫೆಸಸ್ ಊರಲ್ಲಿ ಸೇರಿದ ಬಿಷಪರ ಮಹಾಸಭೆಯಲ್ಲೇ ತೀರ್ಮಾನವಾಗಿತ್ತು. ಆದರೆ 1963ರ ಅಕ್ಟೋಬರಿನಲ್ಲಿ ವ್ಯಾಟಿಕನ್ ಮಹಾಸಭೆಯಲ್ಲಿ ಬಿಷಪರು ವೋಟು ಹಾಕಬೇಕಾಯಿತು: ಮರಿಯಮ್ಮನ ಬಗ್ಗೆ ಬೇರೆಯೇ ದಸ್ತಾವೇಜು ಬೇಕೋ, ಧರ್ಮಸಭೆಯ, ಅಂದರೆ ನಾವು ಭಕ್ತರೆಲ್ಲ ಸೇರಿದ ಚರ್ಚಿನ ಬಗೆಗಿನ ದಸ್ತಾವೇಜಿನಲ್ಲೇ ಒಂದು ಅಧ್ಯಾಯ ಸಾಕೋ? ಅಧ್ಯಾಯ ಸಾಕು ಅಂದವರು 1,114, ಬೇಡ ಅಂದವರು 1,074. ಬರೀ 40 ವೋಟಿನ ಅಂತರ! ಆಕೆಯನ್ನು ನಮ್ಮಿಂದ ಮೇಲೆ, ದೂರ ಇಡದೆ ನಮ್ಮ ನಡುವೆಯೇ ಇಟ್ಟರು. ನನಗಂತೂ ಇದು ಸರಿ ಅನ್ನಿಸುತ್ತದೆ.

ಪೂಜೆ ಮುಗಿದ ಮೇಲೆ ಮಕ್ಕಳ ಕೈಗೆ ಕಬ್ಬು, ಮನೆಗೊಂದಿಷ್ಟು ಹೊಸ ಭತ್ತದ ತೆನೆ. ಊಟಕ್ಕೆ ಮೊದಲು ಅಜ್ಜಿ ಕಾಳನ್ನು ಉಗುರಿನಿಂದಲೇ ಸುಲಿದು ಹಾಲಿಗೆ ಹಾಕುತ್ತಿದ್ದರು. ಎಲ್ಲರಿಗೂ ಒಂದೊಂದು ಚಮಚ, ತೊಟ್ಟಿಲಲ್ಲಿದ್ದ ಕೂಸಿನ ತುಟಿಗೂ ಒಂದು ಹನಿ. ದುಬೈಯಲ್ಲಿದ್ದ ಚಿಕ್ಕಪ್ಪನ ಪಾಲಿನ ನಾಲ್ಕು ಕಾಳು ಮಾತ್ರ ಹಾಲಿಗೆ ಬೀಳುತ್ತಿರಲಿಲ್ಲ. ಅವನ್ನು ಕಾಗದದಲ್ಲಿ ಮಡಚಿ, ಪತ್ರದ ಜೊತೆ ಲಕೋಟೆಗೆ ಹಾಕಿ, ಅಂಟಿಸಿದ ಜಾಗವನ್ನು ಹೆಬ್ಬೆರಳಿನಿಂದ ಎರಡೆರಡು ಸಲ ಒತ್ತುತ್ತಿದ್ದರು.