ಕರಡಿ ಮಲಗಿದೆ, ಮಲಗಲಿ ಬಿಡಿ

ಕೇಳುಗರೇ, ನಮಸ್ಕಾರ.

ಕೆಲಸ ಮುಗಿಸಿ ಮನೆಗೆ ಬಂದು, ಬಟ್ಟೆ ಕೂಡ ಬದಲಿಸದೆ ಹಾಗೇ ಉರುಳಿಕೊಂಡು, ಸಿಂಕಿನಲ್ಲಿರುವ ಪಾತ್ರೆ ನಾಳೆ ನೋಡೋಣ ಅಂದುಕೊಂಡ ರಾತ್ರಿಗಳು ನಿಮಗೂ ಇರುತ್ತವೆ ಅಲ್ವಾ? ಅಂಥ ರಾತ್ರಿ ನಾನು ಹಾಕಿಕೊಳ್ಳುವುದು ಜಪಾನಿನ ಒಂದು ಪುಟ್ಟ ಸರಣಿ, 'ರಿಲಕ್ಕುಮ ಅಂಡ್ ಕವೊರು'. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಒಟ್ಟು 13 ಕಂತು. ಒಂದೊಂದೂ ಬಹಳ ಚಿಕ್ಕದು, ಅನ್ನಕ್ಕಿಟ್ಟು ಕೂತರೆ ಕುಕ್ಕರ್ ಇಳಿಸುವಷ್ಟರಲ್ಲಿ ಒಂದು ಮುಗಿದಿರುತ್ತದೆ.

ಕವೊರು ಆಫೀಸಿಗೆ ಹೋಗುವ ಒಂಟಿ ಹೆಂಗಸು. ಅವಳ ಮನೆಗೆ ಒಂದು ಕಂದು ಕರಡಿ ಬಂದು ಸೇರಿಕೊಂಡಿದೆ. ಜಪಾನಿ ಭಾಷೆಯಲ್ಲಿ ಕುಮ ಅಂದರೆ ಕರಡಿ, ಅದಕ್ಕೆ ರಿಲ್ಯಾಕ್ಸ್ ಸೇರಿಸಿದರೆ ರಿಲಕ್ಕುಮ. 2003ರಲ್ಲಿ ಸಾನ್-ಎಕ್ಸ್ ಕಂಪನಿಗಾಗಿ ಅಕಿ ಕೊಂಡೊ ಸೃಷ್ಟಿಸಿದ ಪಾತ್ರ ಇದು. ತಿನ್ನುತ್ತದೆ, ಮಲಗುತ್ತದೆ, ಅಷ್ಟೇ. ಜೊತೆಗೆ ತುಂಟ ಬಿಳಿ ಕರಡಿಮರಿಯೊಂದು. ಮನೆ ಗುಡಿಸುವುದು, ಬೈಯುವುದು, ಚಿಲ್ಲರೆ ಕೂಡಿಡುವುದು ಎಲ್ಲಾ ಅದೇ ಮನೆಯಲ್ಲಿರುವ ಹಳದಿ ಹಕ್ಕಿಯ ಪಾಲು.

ಮೊದಲ ಕಂತಿನಲ್ಲಿ ಚೆರ್ರಿ ಹೂವು ನೋಡಲು ಹೋಗುವ ದಿನ. ಹಳೆಯ ಗೆಳತಿಯರೆಲ್ಲ ಸೇರಬೇಕು ಅಂತ ಕವೊರು ಆಸೆಯಿಂದ ಕಾಯುತ್ತಾಳೆ, ಆದರೆ ಒಬ್ಬೊಬ್ಬರಿಗೂ ಒಂದೊಂದು ಕಾರಣ. ನಗಿಸುವ ಸರಣಿ ಅಂತ ಕೂತವಳು ನಾನು, ಇಲ್ಲಿ ಗಂಟಲು ಕಟ್ಟಿತು. ಮುಂದೆ ಕೊರಿಯರ್ ಹುಡುಗನನ್ನು ನೋಡುವ ಆಸೆಗೆ ಬೇಡದ ಸಾಮಾನೆಲ್ಲ ಆರ್ಡರ್ ಮಾಡುತ್ತಾಳೆ. ಮಳೆಗಾಲ ಬಂದರೆ ಕರಡಿಯ ಮೈಮೇಲೆ ಅಣಬೆ ಏಳುತ್ತದೆ! ಆದರೂ ಕಥೆ ಬರೆದ ನವೊಕೊ ಒಗಿಗಾಮಿ ಎಲ್ಲೂ ಕವೊರುಗೆ ಬುದ್ಧಿ ಹೇಳುವುದಿಲ್ಲ. ನನಗೆ ತುಂಬಾ ಇಷ್ಟವಾದದ್ದು ಇದೇ. ನಮ್ಮಲ್ಲಿ ಒಂಟಿ ಹೆಂಗಸಿನ ಮನೆ ಸ್ವಲ್ಪ ಹರಡಿಕೊಂಡಿದ್ದರೆ ಸಾಕು, ಬಂದವರೆಲ್ಲ ಬುದ್ಧಿ ಹೇಳುವವರೇ.

ಇನ್ನೊಂದು ಮಾತು ಹೇಳಲೇಬೇಕು. ಇದು ಕಂಪ್ಯೂಟರಿನಲ್ಲಿ ಬರೆದ ಚಿತ್ರವಲ್ಲ, ಗೊಂಬೆಗಳನ್ನಿಟ್ಟು ತೆಗೆದದ್ದು. ಡ್ವಾರ್ಫ್ ಸ್ಟುಡಿಯೋದವರು ಗೊಂಬೆಯ ಕೈ ಒಂದು ಚೂರು ಸರಿಸಿ ಒಂದು ಫೋಟೋ, ಇನ್ನೊಂದು ಚೂರು ಸರಿಸಿ ಇನ್ನೊಂದು ಫೋಟೋ, ಹೀಗೆ ತೆಗೆದು ಜೋಡಿಸಿದ್ದಾರೆ. ಕರಡಿ ಸುಮ್ನೆ ಮಗ್ಗುಲು ಬದಲಿಸಬೇಕು ಅಂದರೂ ಯಾರೋ ಒಬ್ಬರು ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ನಿಂತಿರಬೇಕು. ಆ ಸೋಮಾರಿತನದಲ್ಲಿ ಅಷ್ಟು ಅಕ್ಕರೆ ಕಾಣುವುದು ಇದರಿಂದಲೇ ಅಂತ ನನಗನ್ನಿಸುತ್ತದೆ.

ನೋಡುವುದಾದರೆ ಮೊದಲ ಕಂತಿನಿಂದಲೇ ಶುರು ಮಾಡಿ. ಕಥೆ ಚೆರ್ರಿ ಹೂವಿನ ಕಾಲದಲ್ಲಿ ಹೊರಟು ಇಡೀ ವರ್ಷ ಸುತ್ತುತ್ತದೆ. ಪಾತ್ರೆ ಆಮೇಲೆ ತೊಳೆದರಾಯಿತು.

ನಮಸ್ಕಾರ.